ತೌಡಮ್ಮನ ಅರ್ಧ ಯೂನಿಟ್

ಶಾಗ್ಯದ ಪುಟ್ಟಗೌರಮ್ಮ ಹನೂರಿನ ಸಂತೆಗೆ ಹೊತ್ತು ಇಳಿದ ಮೇಲೆಯೇ ಹೋಗುತ್ತಿದ್ದಳು. ಬೆಳಗಿನ ಸಂತೆ ಉಳ್ಳವರದ್ದು, ಸಂಜೆಯ ಸಂತೆ ತನ್ನಂಥವರದ್ದು ಎಂಬುದು ಅವಳ ಶಾಸ್ತ್ರ. ವ್ಯಾಪಾರಿಗಳು ಗೋಣಿ ಕೊಡವಿ ಗಾಡಿ ಹೂಡುವ ಹೊತ್ತಿಗೆ ಸರಿಯಾಗಿ ಹೋಗಿ ಎದುರಿಗೆ ನಿಂತು, "ಇದ ವಾಪಸ್ಸು ಒತ್ಕಂಡ್ ಓದೀಯೋ, ನಂಗೆ ಕೊಟ್ಟೀಯೋ?" ಎಂದು ಕೇಳುತ್ತಿದ್ದಳು. ಬಾಡಿದ ಬದನೆಕಾಯಿ, ಬಿರಿದ ಟೊಮೇಟೊ, ಮೇಲಿನ ಪದರ ಕೊಳೆತ ಈರುಳ್ಳಿ ಅವಳ ಮಡಿಲಿಗೆ ಬೀಳುತ್ತಿದ್ದವು. ಎರಡು ಪದರ ಸುಲಿದು ಬಿಸಾಕಿದರೆ ಒಳಗಿರುವುದು ಶೆಟ್ಟರ ಮನೆಯ ಈರುಳ್ಳಿಯೇ ತಾನೆ! ಅಕ್ಕಿ ಕೊಳ್ಳುತ್ತಿರಲಿಲ್ಲ, ಗಿರಣಿಯವರು ಜರಡಿ ಹಿಡಿದು ಬಿಟ್ಟ ನುಚ್ಚು ಕೊಳ್ಳುತ್ತಿದ್ದಳು. ಎಣ್ಣೆ ಸುರಿಯುತ್ತಿರಲಿಲ್ಲ, ಬಟ್ಟೆಯ ತುಂಡು ಅದ್ದಿ ಬಾಣಲೆಗೆ ಸವರುತ್ತಿದ್ದಳು. ಊರಿನ ಹೆಂಗಸರು "ಗೌರಿ ಕಲ್ಲಲ್ಲೂ ಸಾರು ತೆಗೀತಾಳೆ" ಎಂದು ನಗುತ್ತಿದ್ದರು. ನಗಲಿ. ಕಲ್ಲು ಬೇಯಿಸಬೇಕಾದ ಕಾಲ ಅವರಿಗೆ ಬಂದಿರಲಿಲ್ಲ.

ಹೀಗೆ ಕಾಸಿಗೆ ಕಾಸು ಗಂಟು ಹಾಕುತ್ತಿದ್ದ ಹೆಂಗಸು, ಸರ್ಕಾರ ಅಗ್ಗದಲ್ಲಿ ಕೊಡಲು ಬಂದ ಧಾನ್ಯವನ್ನು ತನ್ನ ಬಾಯಿಂದಲೇ ಕಳೆದುಕೊಂಡಳು. ಅದಕ್ಕೆ ಕಾರಣ ಒಂದು ಸೇರು ತೌಡು.

ಪುಟ್ಟಗೌರಮ್ಮನಿಗೆ ಮೊದಲು ಹುಟ್ಟಿದ ಮೂರು ಮಕ್ಕಳೂ ವರ್ಷ ತುಂಬುವುದರೊಳಗೆ ಹೋಗಿದ್ದವು. ಅರವತ್ತೆರಡನೇ ಇಸವಿಯಲ್ಲಿ ನಾಲ್ಕನೆಯದು ಹೆಣ್ಣಾಯಿತು. ಹನ್ನೊಂದನೇ ದಿನ ಅತ್ತೆ ರಂಗಮ್ಮ ಕೂಸನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಗೆ ಹೊತ್ತುಕೊಂಡು ಹೋದಳು. ಆ ಮನೆಯ ಪುಟ್ಟಬಸಮ್ಮ ಹೆತ್ತ ನಾಲ್ಕು ಗಂಡುಮಕ್ಕಳೂ ಗುಂಡುಕಲ್ಲಿನ ಹಾಗೆ ಬದುಕಿದ್ದವು. ಅಂಥ ಕೈಗೆ ಕೂಸನ್ನು ಮಾರಿಬಿಟ್ಟರೆ ಸಾವು ಮೋಸಹೋಗುತ್ತದೆ, ಗೌರಿಯ ಕೂಸನ್ನು ಹುಡುಕಿಕೊಂಡು ಬಂದು ಸಿಗದೆ ಹಿಂದಿರುಗುತ್ತದೆ ಎಂಬುದು ಆ ಕಡೆಯ ನಂಬಿಕೆ. ಪುಟ್ಟಬಸಮ್ಮ ಒಂದು ಸೇರು ತೌಡು ಅಳೆದು ಕೊಟ್ಟು ಕೂಸನ್ನು ಕೊಂಡಳು. ತೌಡಮ್ಮ ಎಂದೇ ಹೆಸರಾಯಿತು. ಆಮೇಲೆ ಕೊಂಡವಳು "ನನ್ನ ಮೊಗ, ನೀನು ಸಾಕ್ಕೊಡವ್ವ" ಎಂದು ಮೊರವನ್ನು ಹೆತ್ತವಳ ಕೈಗಿಟ್ಟಳು. ಮದುವೆಯ ಹಿಂದಿನ ದಿನ ಒಂದು ಸೇರು ರಾಗಿ ಕೊಟ್ಟು ಹಿಂದಕ್ಕೆ ಕೊಂಡುಕೊಳ್ಳಬೇಕು. ಅಲ್ಲಿಯವರೆಗೆ ಪುಟ್ಟಗೌರಮ್ಮ ಅದನ್ನು ನನ್ನ ಮಗಳು ಎನ್ನುವಂತಿಲ್ಲ. ಹಾಗೆ ಅಂದುಬಿಟ್ಟರೆ ಮಾರಾಟ ಮುರಿದಂತೆ, ಕೂಸು ಉಳಿಯುವುದಿಲ್ಲ.

ಪುಟ್ಟಗೌರಮ್ಮ ಆ ಮಾತನ್ನು ಬೆಂಕಿಯಂತೆ ಕಾಯ್ದಳು. ಹಾಲೂಡಿಸುವಾಗಲೂ "ಪುಟ್ಟಬಸಕ್ಕನ ಕೂಸೇ" ಎಂದೇ ಮುದ್ದು ಮಾಡಿದಳು. ಹುಡುಗಿಗೆ ಹೆತ್ತವಳು ಗೌರಕ್ಕ, ಪಕ್ಕದ ಮನೆಯವಳು ಅವ್ವ. ಮೂರು ವರ್ಷದವಳಿದ್ದಾಗ ಒಂದು ದಿನ ಬಿದ್ದು ಮಂಡಿ ತರಚಿಕೊಂಡು "ಅವ್ವಾ" ಎಂದು ಓಡಿಬಂದು ಇವಳ ಕಾಲು ತಬ್ಬಿಕೊಂಡಿತು. ಪುಟ್ಟಗೌರಮ್ಮ ಅದರ ಬಾಯಿಯ ಮೇಲೆ ಫಟೀರನೆ ಹೊಡೆದಳು. ಮೂರು ಸಲ ಉಗುಳಿಸಿ, "ಇನ್ನೊಂದ್ ಸಲ ಅಂಗಂದ್ರೆ ನಾನು ಸತ್ತೋಯ್ತೀನಿ, ತಿಳೀತಾ? ನಾನ್ಯಾರು ಯೋಳು" ಎಂದು ಕೇಳಿದಳು. ಹುಡುಗಿ ಬಿಕ್ಕುತ್ತ "ಗೌರಕ್ಕ" ಎಂದಿತು. ನೀನು ಸಾಯುತ್ತೀಯೆ ಎಂದು ಕೂಸಿಗೆ ಹೇಳಲು ಯಾವ ತಾಯಿಗೆ ನಾಲಿಗೆ ಬರುತ್ತದೆ? ಅದಕ್ಕೇ ಸಾವನ್ನು ತನ್ನ ತಲೆಗೆ ಎಳೆದುಕೊಂಡಳು. ಅಂದು ಕತ್ತಲಾಗುವವರೆಗೂ ಒಲೆಯ ಮುಂದೆ ಕೂತು ಅತ್ತಳು.

ಅರವತ್ತಾರರಲ್ಲಿ ಊರಿಗೆ ರೇಷನ್ ಕಾರ್ಡು ಬಂತು. ತಾಲ್ಲೂಕು ಕಚೇರಿಯ ಗುಮಾಸ್ತ ಮಾರಮ್ಮನ ಗುಡಿಯ ಜಗಲಿಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದ. ದೊಡ್ಡವರಿಗೆ ಒಂದು ಯೂನಿಟ್, ಮಕ್ಕಳಿಗೆ ಅರ್ಧ. ಯೂನಿಟ್ಟಿನ ಲೆಕ್ಕಕ್ಕೆ ಅಕ್ಕಿ, ಗೋಧಿ, ಸಕ್ಕರೆ. ಪುಟ್ಟಗೌರಮ್ಮ ಸಾಲಿನಲ್ಲಿ ನಿಂತಾಗ ತೌಡಮ್ಮ ಅವಳ ಸೊಂಟದ ಮೇಲೇ ಇತ್ತು.

"ಮಕ್ಕಳೆಷ್ಟಮ್ಮ?"

"ಇಲ್ಲ ಸಾ."

"ಮತ್ತೆ ಸೊಂಟದ ಮೇಲಿರೋದು?"

ಪುಟ್ಟಗೌರಮ್ಮ ಕೂಸನ್ನು ಸೊಂಟಕ್ಕೆ ಒತ್ತಿಕೊಂಡಳು. ಬರೆಯುವ ಲೇಖನಿಯ ತುದಿಯನ್ನೇ ನೋಡಿದಳು. ಬಾಯಲ್ಲಿ ಆಡಿದರೇ ಹೋಗುವ ಜೀವ, ಕಾಗದದಲ್ಲಿ ಬರೆದರೆ ಉಳಿದೀತೇ? "ಅದು ಪುಟ್ಟಬಸಕ್ಕಂದು ಸಾ" ಎಂದಳು.

ಹಿಂದೆ ನಿಂತಿದ್ದ ಪುಟ್ಟಬಸಮ್ಮ ಒಂದು ಗಳಿಗೆ ಪಿಳಿಪಿಳಿ ನೋಡಿದಳು. ಆಮೇಲೆ ಮುಂದೆ ಬಂದು, "ಊ ಸಾ, ನಂದೇಯ. ಬರ್ಕಳಿ" ಎಂದಳು. ಬರೆದುಕೊಂಡಾಯಿತು. 'ಮಕ್ಕಳಿಲ್ಲ' ಎಂಬ ಅಕ್ಷರಗಳ ಕೆಳಗೆ ಪುಟ್ಟಗೌರಮ್ಮ ಹೆಬ್ಬೆಟ್ಟು ಒತ್ತಿದಳು. ಮಗಳು ಉಳಿದಳು ಎಂಬ ಸಮಾಧಾನದಲ್ಲಿ ಮನೆಗೆ ಬಂದಳು.

ಮೊದಲ ತಿಂಗಳು ಪುಟ್ಟಬಸಮ್ಮ ಸೊಸೈಟಿಯಿಂದ ಬರುತ್ತಲೇ ಸೆರಗಿನಲ್ಲಿ ಗೋಧಿ, ಎಲೆಯಲ್ಲಿ ಸಕ್ಕರೆ ತಂದು ಕೊಟ್ಟಳು. "ಮೊಗೀಂದು ಮೊಗೀಗೆ ಕಣೇ ಗೌರಿ, ನಮಗ್ಯಾಕೆ?" ಎಂದಳು. ಮೂರನೇ ತಿಂಗಳಿಗೆ ಸಕ್ಕರೆ ನಿಂತಿತು. ವರ್ಷ ತುಂಬುವ ಹೊತ್ತಿಗೆ ಗೋಧಿಯೂ ಹೋಗಿ ಅಮೆರಿಕದ ಕೆಂಪು ಜೋಳ ಮಾತ್ರ ಬರತೊಡಗಿತು. ಅದನ್ನು ಅವಳ ಮನೆಯ ದನವೂ ಮೂಸುತ್ತಿರಲಿಲ್ಲ. ಆಮೇಲೆ ಅದೂ ಇಲ್ಲ. ಕೇಳಿದರೆ, "ನನ್ನ ಕಾರ್ಡಲ್ಲಿರೋ ನನ್ನ ಮಗಳದ್ದ ನಾನ್ ತಂದ್ರೆ ನಿಂಗೇನೇ?" ಎಂದು ನಕ್ಕಳು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನಕ್ಕದ್ದು ತಮಾಷೆಗೋ ನಿಜಕ್ಕೋ ಎಂದು ಪುಟ್ಟಗೌರಮ್ಮ ಎರಡು ವರ್ಷ ಯೋಚಿಸಿದಳು. ಅಷ್ಟರಲ್ಲಿ ಶಾಲೆಗೆ ಸೇರಿಸುವಾಗಲೂ ತಂದೆಯ ಹೆಸರಿನ ಜಾಗದಲ್ಲಿ ಪುಟ್ಟಬಸಮ್ಮನ ಗಂಡ ಮುತ್ತಯ್ಯನ ಹೆಸರೇ ಬಿತ್ತು. ಅಲ್ಲೂ ಇವಳೇ ಹೇಳಿ ಬರೆಸಿದ್ದು.

ಗಂಡ ಚಿಕ್ಕಮಾದಯ್ಯನ ಕೂಲಿ ನಡೆಯುತ್ತಿರುವವರೆಗೆ ಹೇಗೋ ಸಾಗಿತು. ಎಪ್ಪತ್ತೆರಡರಲ್ಲಿ ಅವನು ಹುಣಸೆಕಾಯಿ ಬಡಿಯಲು ಹತ್ತಿ ಕೊಂಬೆ ಮುರಿದು ಬಿದ್ದು ಸೊಂಟ ಹೋಗಿ ಮೂಲೆ ಹಿಡಿದ. ಮರುವರ್ಷ ನುಚ್ಚಿನ ಬೆಲೆ ಹಿಂದಿನ ಅಕ್ಕಿಯ ಬೆಲೆಯಾಯಿತು. ಸಂಜೆಯ ಸಂತೆಯಲ್ಲಿ ಬಾಡಿದ ಬದನೆಕಾಯಿಗೂ ಹತ್ತು ಕೈ ಚಾಚತೊಡಗಿದವು. ಊರಲ್ಲಿ ಗಂಜಿ ಕೇಂದ್ರ ತೆರೆದಾಗ ಪುಟ್ಟಗೌರಮ್ಮ ನಾಚಿಕೆ ಬಿಟ್ಟು ಸಾಲಿನಲ್ಲಿ ನಿಂತಳು. ತನ್ನ ಪಾಲನ್ನು ಅಲ್ಲಿ ಕುಡಿಯದೆ ಚೊಂಬಿನಲ್ಲಿ ಹಿಡಿದು ತಂದು ಗಂಡನಿಗೂ ಮಗಳಿಗೂ ಎರೆದಳು. ಎರಡು ತಿಂಗಳಿಗೆ ಕೇಂದ್ರವೂ ಮುಚ್ಚಿತು. ತಮ್ಮ ಕಾರ್ಡಿನ ಕಾಳು ತಿಂಗಳ ಅರ್ಧಕ್ಕೇ ಮುಗಿಯುತ್ತಿತ್ತು, ಆಮೇಲೆ ಉಳಿದದ್ದು ಶಾಲೆಯ ಉಪ್ಪಿಟ್ಟು ಒಂದೇ. ರಜೆಯ ದಿನ ಹುಡುಗಿ ಹೊಟ್ಟೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದಳು. ಹತ್ತು ದಾಟಿದ ಹುಡುಗಿ ಏಳರ ಮಗುವಿನಂತಿದ್ದಳು. ಗೋಡೆಯ ಆಚೆ ಪುಟ್ಟಬಸಮ್ಮನ ಮನೆಯಲ್ಲಿ ತೌಡಮ್ಮನ ಯೂನಿಟ್ಟಿನ ಅಕ್ಕಿ ಕುದಿಯುವ ಸದ್ದು ಕೇಳುತ್ತಿತ್ತು. ಹೊಟ್ಟೆ ಉರಿಯದೆ ಇನ್ನೇನಾದೀತು?

ಒಂದು ಬೆಳಿಗ್ಗೆ ಪುಟ್ಟಗೌರಮ್ಮ ಎಲ್ಲಿಂದಲೋ ಕಾಡಿ ಬೇಡಿ ತಂದ ಒಂದು ಸೇರು ರಾಗಿಯನ್ನು ಮೊರದಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋದಳು.

"ಅಕ್ಕ, ಶಾಸ್ತ್ರನ ಈಗ್ಲೇ ಮುಗಿಸ್ಬುಡವ. ನನ್ ಮೊಗಾನ ನಂಗೆ ಕೊಟ್ಬುಡು."

ಪುಟ್ಟಬಸಮ್ಮ ರಾಗಿಯನ್ನು ನೋಡಿದಳು, ಮುಟ್ಟಲಿಲ್ಲ. "ಮದ್ವೆಗ್ ಮುಂಚೆ ಕೊಟ್ರೆ ಮೊಗೀಗೆ ಕೇಡು ಕಣೇ. ನಿಮ್ಮತ್ತೆ ಮುಂದೆ ಆಡಿದ ಮಾತು. ನಾಳೆ ಎಚ್ಚುಕಮ್ಮಿ ಆದ್ರೆ ಆ ಪಾಪ ನಂಗ್ಯಾಕೆ?"

"ಅಂಗಾರೆ ಅದರ ಪಾಲಿನ ಕಾಳಾದ್ರೂ ಕೊಡು."

"ಕೊಡ್ತಾ ಇದ್ದೆ. ಈಗ ನಮ್ಮನೇಲಿ ತಿನ್ನೋ ಬಾಯಿ ಜಾಸ್ತಿ ಆಗವೆ" ಎಂದು ಪುಟ್ಟಬಸಮ್ಮ ಒಳಗೆ ಹೋದಳು. ಶಾಸ್ತ್ರದ ಭಯ ಅವಳಿಗೂ ಇದ್ದಿರಬಹುದು. ಆದರೆ ಆ ಭಯ ಪ್ರತಿ ತಿಂಗಳೂ ಅವಳ ಒಲೆಯ ಮೇಲೆ ಬೆಂದು ಅನ್ನವಾಗುತ್ತಿತ್ತು.

ಎಂಟು ದಿನ ಪುಟ್ಟಗೌರಮ್ಮ ಒಂದೇ ಲೆಕ್ಕವನ್ನು ಹಾಕಿ ಹಾಕಿ ನೋಡಿದಳು. ಬಾಯಿ ಬಿಟ್ಟರೆ ಮಗಳು ಉಳಿಯಳು, ಬಿಡದಿದ್ದರೆ ಹಸಿವು ಉಳಿಸದು. ಒಂಬತ್ತನೇ ದಿನ ಮಹದೇಶ್ವರ ಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದಳು. "ಮಾದಪ್ಪ, ಒಂದೇ ಸಲ ಅಂತೀನಿ. ಆಪೀಸರ ಮುಂದೆ ಒಂದೇ ಸಲ. ಕೇಳುಸ್ಕಂಡೂ ಕೇಳದಂಗಿರಪ್ಪ" ಎಂದಳು. ಒಂದಕ್ಕಿಂತ ಹೆಚ್ಚು ಸಲ ಆ ಮಾತು ತನ್ನ ಬಾಯಿಂದ ಬರಬಾರದೆಂದು ಗಟ್ಟಿ ಮಾಡಿಕೊಂಡಳು. ಗಂಡನಿಗೂ ಹೇಳಲಿಲ್ಲ, ಹುಡುಗಿಗೂ ಹೇಳಲಿಲ್ಲ. ಅಲ್ಲೇ ಎಡವಿದಳು.

ಸಂತೆಯ ದಿನ ಬೆಳಿಗ್ಗೆ ಹುಡುಗಿಯ ತಲೆ ಬಾಚಿ ಹನೂರಿಗೆ ನಡೆಸಿಕೊಂಡು ಹೋಗಿ, ಕೊಳ್ಳೇಗಾಲದ ಬಸ್ಸು ಹತ್ತಿಸಿದಳು. "ಎಲ್ಲಿಗೆ ಗೌರಕ್ಕ?" ಎಂದು ಕೇಳಿದ್ದಕ್ಕೆ, "ಅಕ್ಕಿ ಕೇಳಾಕೆ" ಎಂದಷ್ಟೇ ಹೇಳಿದಳು. ಹುಡುಗಿ ಮೊದಲ ಸಲ ಬಸ್ಸು ಹತ್ತಿದ ಖುಷಿಯಲ್ಲಿ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿತು.

ಕಚೇರಿಯಲ್ಲಿ ಅಧಿಕಾರಿ ಕೆಟ್ಟವನೇನಲ್ಲ. ಬೆಂಚಿನ ಮೇಲೆ ಕೂರಿಸಿ ಕೇಳಿದ. ಪುಟ್ಟಗೌರಮ್ಮ ಎದ್ದು ನಿಂತಳು. ಹನ್ನೊಂದು ವರ್ಷ ನುಂಗಿಕೊಂಡ ಮಾತು ಹೊರಗೆ ಬಂತು.

"ಇವಳು ನನ್ ಮಗಳು ಸಾ. ನನ್ನೊಟ್ಟೇಲಿ ಉಟ್ಟಿದ್ದು."

ಏನೂ ಆಗಲಿಲ್ಲ. ಗುಡುಗಲಿಲ್ಲ, ಹುಡುಗಿ ಬೀಳಲಿಲ್ಲ. ಪುಟ್ಟಗೌರಮ್ಮನಿಗೆ ಒಮ್ಮೆಲೇ ಮೈ ಹಗುರಾಯಿತು. ಒಂದು ಗಳಿಗೆ ಅವಳು ನಿಜವಾಗಿ ಸುಖಪಟ್ಟಳು.

ಅಧಿಕಾರಿ ಕಡತ ತರಿಸಿ ನೋಡಿದ. "ಇಲ್ಲಿ ಮಕ್ಕಳಿಲ್ಲ ಅಂತಿದೆ, ಕೆಳಗೆ ನಿನ್ನ ಹೆಬ್ಬೆಟ್ಟಿದೆ. ಹುಡುಗಿ ಪುಟ್ಟಬಸಮ್ಮ ಅನ್ನೋರ ಮಗಳು ಅಂತಿದೆ. ಶಾಲೆಯಲ್ಲಿ ಯಾರ ಹೆಸರಿದೆಯಮ್ಮ?"

ಪುಟ್ಟಗೌರಮ್ಮ ತೌಡಿನ ಕತೆ ಹೇಳಿದಳು. ಪಕ್ಕದ ಮೇಜಿನ ಗುಮಾಸ್ತರಿಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಅಧಿಕಾರಿ ನಗಲಿಲ್ಲ. "ಇರಲಿ, ಮಗೂನೇ ಕೇಳೋಣ" ಎಂದು ಹುಡುಗಿಯನ್ನು ಹತ್ತಿರ ಕರೆದ. "ಹೆದರಬೇಡ ಮರಿ. ಇವರು ನಿನಗೇನಾಗಬೇಕು? ನಿಮ್ಮವ್ವ ಯಾರು?"

ತೌಡಮ್ಮ ತಿರುಗಿ ಪುಟ್ಟಗೌರಮ್ಮನ ಮುಖ ನೋಡಿದಳು. ಪುಟ್ಟಗೌರಮ್ಮ ಯೋಳವ್ವ ಎಂಬಂತೆ ತಲೆಯಾಡಿಸಿದಳು. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಅಂಗೈಯನ್ನು ಬಾಯಿಯ ಮೇಲೆ ಒಂದು ಸಲ ಇಟ್ಟುಕೊಂಡು ತೆಗೆದಳು. ಆಮೇಲೆ ಪಾಠ ಒಪ್ಪಿಸುವವಳಂತೆ ಗಟ್ಟಿಯಾಗಿ ಹೇಳಿದಳು.

"ನಮ್ಮವ್ವ ಪುಟ್ಟಬಸಮ್ಮ ಸಾ. ಇವ್ರು ಗೌರಕ್ಕ."

"ಅಲ್ಲ ಸಾ, ಅದು ನಾನೇ ಕಲ್ಸಿದ್ದು ಸಾ" ಎಂದು ಪುಟ್ಟಗೌರಮ್ಮ ಕೂಗಿದಳು. ಅಧಿಕಾರಿ ಕಡತ ಮುಚ್ಚಿದ. ಅರ್ಧ ಯೂನಿಟ್ಟಿಗಾಗಿ ಇನ್ನೊಬ್ಬರ ಮಗುವನ್ನು ಕರೆದುಕೊಂಡು ಬರುವುದು ತಪ್ಪು, ಬಡತನ ನೋಡಿ ಈ ಸಲ ಬಿಟ್ಟಿದ್ದೇನೆ, ಮಗುವನ್ನು ಅದರ ಮನೆಗೆ ತಲುಪಿಸು ಎಂದ. ಮೆಲ್ಲಗೇ ಹೇಳಿದ. ಬೈದಿದ್ದರೆ ಅವಳಿಗೆ ಜಗಳಕ್ಕಾದರೂ ದಾರಿ ಇರುತ್ತಿತ್ತು.

ಹನೂರಿನಲ್ಲಿ ಇಳಿದಾಗ ಸಂತೆ ಕಳೆಯುವ ಹೊತ್ತು. ಗೋಣಿ ಕೊಡವುತ್ತಿದ್ದ ಟೊಮೇಟೊ ಮಾರುವ ದೊಡ್ಡಮಾದಪ್ಪ ಅವಳನ್ನು ಕಂಡು, "ಬಾ ಗೌರವ್ವ, ನಿಂಗೇ ಅಂತ ಮಡಗಿವ್ನಿ. ಬಂದಷ್ಟು ಕೊಡು" ಎಂದು ಕರೆದ. ಪುಟ್ಟಗೌರಮ್ಮ ತಿರುಗಿ ನೋಡದೆ ಮುಂದಕ್ಕೆ ನಡೆದಳು.

ಶಾಗ್ಯದ ದಾರಿಯಲ್ಲಿ ಸಂತೆಯ ಗಾಡಿಗಳೆಲ್ಲ ಮುಂದೆ ಹೋದ ಮೇಲೆ ತೌಡಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪಿಸುಗುಟ್ಟಿದಳು.

"ಎಷ್ಟ್ ಕೇಳುದ್ರೂ ನಾನ್ ಅನ್ನಲಿಲ್ಲ. ಈಗ ನೀನು ಸಾಯಾಕಿಲ್ಲ ಅಲ್ವಾ ಗೌರಕ್ಕ?"

ಪುಟ್ಟಗೌರಮ್ಮ ಅದರ ತಲೆ ಸವರಿದಳು. "ಇಲ್ಲ ಕಣವ್ವ" ಎಂದಳು.