ಹಸಿರುಗಟ್ಟಿದ ತಂತಿ

ಸೋಲ್ಡರಕ್ಕನ ಅಂಗಡಿ ಅಂದರೆ ಅದೇನು ಅಂಗಡಿಯಲ್ಲ, ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿ. ಒಳಗೆ ನಿಂತರೆ ತಲೆ ತಾಗುತ್ತದೆ. ಹಾಗಾಗಿ ಅವಳು ನಿಲ್ಲುವುದೇ ಇಲ್ಲ, ಬೆಳಿಗ್ಗೆ ಕೂತರೆ ಸಂಜೆಗೇ ಏಳುವುದು. ಯಾರು ಹತ್ತಿದರು, ಯಾರು ಇಳಿದರು, ಯಾರು ಗಂಡನ ಮೇಲೆ ಮುನಿಸಿಕೊಂಡು ಇಳಿದರು ಎಂಬುದೆಲ್ಲ ಅವಳಿಗೆ ನೆತ್ತಿಯ ಮೇಲಿನ ಚಪ್ಪಲಿ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ರೇಡಿಯೊ, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೆಡ್‌ಫೋನು, ಹೀಗೆ ತಂತಿ ಇರುವುದೆಲ್ಲ ಅವಳ ಕೈಗೆ ಬರಬೇಕು. ಕೈ ಎಷ್ಟು ತಣ್ಣಗೋ ಬಾಯಿ ಅಷ್ಟೇ ಬಿಸಿ. "ತಾನಾಗೇ ಕೆಟ್ಟುಹೋಯ್ತಕ್ಕಾ" ಎಂದು ಯಾರಾದರೂ ಅಂದರೆ, "ಹೌದಪ್ಪಾ, ಪಾಪ ಬೇಜಾರಾಗಿ ತಾನೇ ಮಹಡಿಯಿಂದ ಹಾರ್ಕೊಂಡಿದೆ" ಎನ್ನುತ್ತಿದ್ದಳು.

ಅವಳದೊಂದು ರೂಢಿಯಿತ್ತು. ರಿಪೇರಿ ಮಾಡಿದ ಪ್ರತಿ ಸಾಮಾನಿಗೂ ಒಂದು ಚೀಟಿ ಕಟ್ಟುತ್ತಿದ್ದಳು. ಎಲ್ಲಿ ಮುರಿದಿತ್ತು, ಹಳೇ ಮುರಿತವೋ ಹೊಸ ಮುರಿತವೋ, ಎಲ್ಲ ಅದರಲ್ಲಿ ಇರುತ್ತಿತ್ತು. ಕೆಲಸ ಕಲಿಸಿದ ಸೋದರಮಾವ ಹೇಳಿಕೊಟ್ಟಿದ್ದ: "ತಂದವರು ಸುಳ್ಳು ಹೇಳ್ತಾರೆ ಮಗಾ, ತಾಮ್ರ ಹೇಳಲ್ಲ. ನಿನ್ನೆ ಮುರಿದಿದ್ದು ಹೊಳೀತದೆ, ವರ್ಷದ ಹಿಂದೆ ಮುರಿದಿದ್ದು ಹಸಿರುಗಟ್ಟಿರ್ತದೆ." ಸುತ್ತಲಿನ ಕಚೇರಿಗಳವರು ಆ ಚೀಟಿ ನೋಡಿಯೇ ಯಾರ ತಪ್ಪು ಎಂದು ತೀರ್ಮಾನಿಸುತ್ತಿದ್ದರು. ಅವಳ ಚೀಟಿಯಲ್ಲಿ ಅದುವರೆಗೆ ಒಂದೂ ಸುಳ್ಳಿರಲಿಲ್ಲ.

ಆ ದಿನ ಮಧ್ಯಾಹ್ನ ಬೀದಿಯಲ್ಲೊಂದು ನಡಿಗೆ ಕೇಳಿಸಿತು. ಬಲಗಾಲು ಊರಿ, ಎಡಗಾಲು ಎಳೆದು, ಮತ್ತೆ ಬಲಗಾಲು. ಸೋಲ್ಡರಕ್ಕನ ಕೈಯಲ್ಲಿದ್ದ, ತಂತಿ ಬೆಸೆಯುವ ಸೋಲ್ಡರ್ ಕಡ್ಡಿ ಅಲ್ಲೇ ನಿಂತಿತು. ಆ ನಡಿಗೆ ಕೇಳಿ ಹತ್ತೊಂಬತ್ತು ವರ್ಷವಾಗಿತ್ತು. ಅಣ್ಣನ ಹೆಂಡತಿಯದು.

ಆ ಹತ್ತೊಂಬತ್ತು ವರ್ಷದ ಮಾತು ಇಷ್ಟೇ. ಸೋಲ್ಡರಕ್ಕ ಆಗಿನ್ನೂ ಮದುವೆಯಾಗದ ಹುಡುಗಿ. ಗಂಡಿನ ಕಡೆಯವರು ಮಾತು ಮುಗಿಸಲು ಮಾರನೇ ದಿನ ಬರುವವರಿದ್ದರು. ಅತ್ತಿಗೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದಳು. ಹೊರಗಿನ ಕೋಣೆಯಲ್ಲಿ ಹಿರಿಯರಿದ್ದರು. ಇವಳು ಪಕ್ಕಕ್ಕೆ ಹೋಗಿ ಕೂತು, ಬಾಯಿ ಕಿವಿಗಿಟ್ಟು ಹೇಳಿದಳು: "ಅತ್ತಿಗೆ, ನಂಗೀ ಸಂಬಂಧ ಬೇಡ. ಅವನನ್ನ ನೋಡಿದ್ರೆ ಭಯ ಆಗುತ್ತೆ. ಅಣ್ಣ ನಿಮ್ಮ ಮಾತು ಮೀರಲ್ಲ, ಒಂದು ಮಾತು ಹೇಳಿ." ಅತ್ತಿಗೆ ತಲೆ ಎತ್ತಲಿಲ್ಲ. ಇನ್ನೊಂದು ಸಿಪ್ಪೆ ಸುಲಿದು, "ಈ ಸಲದ ಬಟಾಣಿ ಬರೀ ಹುಳ" ಎಂದಳು.

ಮದುವೆಯಾಯಿತು. ಎರಡು ವರ್ಷ ಬಾಳಿ, ಮಡಚಲು ಬಾರದ ಒಂದು ಕಿರುಬೆರಳನ್ನು ಸಂಪಾದಿಸಿಕೊಂಡು ಇವಳು ಆ ಮನೆ ಬಿಟ್ಟಳು. ಅಣ್ಣನ ಮನೆಗೆ ಹೋಗದೆ ನೇರ ಸೋದರಮಾವನ ರೇಡಿಯೊ ಅಂಗಡಿಗೆ ಹೋದಳು. ಅಂದಿನಿಂದ ಹಲ್ಲುಜ್ಜುವಾಗ ಒಮ್ಮೆ, ಮಲಗುವಾಗ ಒಮ್ಮೆ ಅತ್ತಿಗೆಯನ್ನು ಮನಸಾರೆ ಶಪಿಸದೆ ಅವಳಿಗೆ ದಿನ ಕಳೆದದ್ದಿಲ್ಲ.

ಈಗ ಆ ಅತ್ತಿಗೆ ಸಂದಿಯ ಬಾಯಲ್ಲಿ ನಿಂತು, ಹೆಡ್‌ಫೋನು ಮುಂದೆ ಚಾಚಿ, ಗೋಡೆ ನೋಡುತ್ತ ಕೇಳಿದಳು:

"ರಿಪೇರಿ ಆಗುತ್ತಾ?"

"ಯಾರನ್ನ ಕೇಳ್ತಿದೀರಿ? ನನ್ನನ್ನೋ, ಗೋಡೆನೋ?"

"ಕೆಲಸ ಮಾಡೋರನ್ನ."

"ಅವರು ಕೆಳಗಿದಾರೆ. ಸ್ವಲ್ಪ ಬಗ್ಗಬೇಕಾಗುತ್ತೆ. ಅಭ್ಯಾಸ ಇಲ್ಲ ಅಂತ ಗೊತ್ತು."

ಅತ್ತಿಗೆ ಬಗ್ಗಲಿಲ್ಲ. ಗಿರಾಕಿಗಳ ಸ್ಟೂಲನ್ನು ಇದ್ದಲ್ಲಿಂದ ಎತ್ತಿ, ಬಾಗಿಲ ಆ ಬದಿಗೆ ಇಟ್ಟುಕೊಂಡು ಕೂತಳು. ಇದ್ದಲ್ಲೇ ಕೂತರೆ ಕಿರೀಟ ಬೀಳುತ್ತೇನೋ ಎಂದುಕೊಂಡಳು ಸೋಲ್ಡರಕ್ಕ.

ಡಾಕ್ಟರುಗಳು ಹೇಳಿ ಧ್ವನಿಮುದ್ರಿಸಿದ್ದನ್ನು ಕೇಳಿಸಿಕೊಂಡು ಟೈಪು ಮಾಡಿಕೊಡುವ ಕಚೇರಿಯಲ್ಲಿ ಅತ್ತಿಗೆಗೆ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ಹೆಡ್‌ಫೋನು, ಅದರ ಮೇಲೆ ಅವರವರ ನಂಬರು, ಸಂಜೆ ಅವರವರ ಡ್ರಾಯರಿಗೇ ಬೀಗ.

"ನಿನ್ನೆ ಸಂಜೆವರೆಗೂ ಚೆನ್ನಾಗಿತ್ತು. ತಟ್ಟಂತ ಪೂರ್ತಿ ನಿಂತೋಯ್ತು," ಎಂದಳು ಅತ್ತಿಗೆ. "ಬೇಗ ಆಗಬೇಕು. ಚೀಟಿನೂ ಬೇಕು. ಐದು ಕುರ್ಚಿನ ಮೂರು ಮಾಡ್ತಾರಂತೆ, ಮೇಡಂ ಯಾರಲ್ಲಿ ಹುಳುಕು ಸಿಗುತ್ತೆ ಅಂತ ಕಾಯ್ತಿದಾರೆ."

"ಬೀಳಿಸಿದ್ರಾ?"

"ನನ್ನ ಕೈಯಿಂದ ಏನೂ ಬೀಳಲ್ಲ."

"ಹೌದು, ನಿಮ್ಮ ಕೈಯಿಂದ ಏನೂ ಬೀಳಲ್ಲ. ಬಾಯಿಂದಲೂ ಬೀಳಲ್ಲ."

ಸೋಲ್ಡರಕ್ಕ ಮೊದಲು ಬಲಗಿವಿಯ ಬಟ್ಟಲು ಬಿಚ್ಚಿದಳು. ತಂತಿ ಒಳಹೋಗುವ ಕಡೆ ಎಳೆ ಮುರಿದಿತ್ತು. ತಾಮ್ರ ಥಳಥಳ ಹೊಳೆಯುತ್ತಿತ್ತು. ನಿನ್ನೆಯದೇ, ಸುಳ್ಳಲ್ಲ. ಆಮೇಲೆ ಎಡದ್ದನ್ನು ಬಿಚ್ಚಿದಳು. ಅಲ್ಲೂ ಎಳೆ ಮುರಿದಿತ್ತು. ಆದರೆ ತುದಿ ಹಾವಸೆ ಹಿಡಿದ ಕಲ್ಲಿನ ಹಾಗೆ ಹಸಿರುಗಟ್ಟಿತ್ತು. ಉಗುರಿನಿಂದ ಕೆರೆದಳು, ಪುಡಿ ಉದುರಿತು. ನಾಲ್ಕು ವರ್ಷವೋ, ಐದೋ.

ಅವಳು ಭೂತಗನ್ನಡಿ ಇಳಿಸಿ ಅತ್ತಿಗೆಯನ್ನು ನೋಡಿದಳು. ರವಿಕೆಯ ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗಾದರೆ ದರ್ಜಿಯ ಹತ್ತಿರ ಮೂರು ಸಲ ತಿರುಗುವ ಹೆಂಗಸು ಇದು. ಒಂದು ಕಡೆ ಸತ್ತುಹೋದ ಹೆಡ್‌ಫೋನನ್ನು ಐದು ವರ್ಷ ತಲೆಗೆ ಹಾಕಿಕೊಂಡು ಬಾಯಿ ಮುಚ್ಚಿಕೊಂಡಿರುವ ಜಾಯಮಾನವೇ ಅಲ್ಲ. ಗೊತ್ತಾಗಿದ್ದರೆ ಕಚೇರಿ ಕಿತ್ತು ಹಾರಿಸುತ್ತಿದ್ದಳು. ಹಾಗಾದರೆ ಗೊತ್ತೇ ಆಗಿರಲಿಲ್ಲ.

ಸ್ಟೂಲು ಯಾಕೆ ಆ ಬದಿಗೆ ಹೋಯಿತು ಎಂಬುದು ಆಗ ಹೊಳೆಯಿತು. ಅಲ್ಲಿ ಕೂತರೆ ಅತ್ತಿಗೆಯ ಬಲಗಿವಿ ಇತ್ತ ಇರುತ್ತದೆ.

ಎಡಗಡೆಯದನ್ನಷ್ಟೇ ಸರಿಮಾಡಿದಳು. ಹಸಿರು ಕತ್ತರಿಸಿ, ಎಳೆ ಕೆರೆದು, ಸೋಲ್ಡರ್ ಇಟ್ಟಳು. ರೇಡಿಯೊಗೆ ಸಿಕ್ಕಿಸಿ ಅತ್ತಿಗೆಯ ಕೈಗೆ ಕೊಟ್ಟಳು. "ಹಾಕ್ಕೊಂಡು ನೋಡಿ."

ಅತ್ತಿಗೆ ಹಾಕಿಕೊಂಡಳು. ಕಾದಳು. ಹುಬ್ಬು ಗಂಟಿಕ್ಕಿತು. "ಏನೂ ಇಲ್ಲ. ಇದೇನಾ ನಿನ್ನ ರಿಪೇರಿ?"

ಸೋಲ್ಡರಕ್ಕ ಅದನ್ನು ಕಿತ್ತುಕೊಂಡು ತನ್ನ ತಲೆಗೆ ಹಾಕಿಕೊಂಡಳು. ಎಡಗಿವಿಯಲ್ಲಿ ಒಬ್ಬ ಗಂಡಸು ನಾಳಿನ ಬಿಸಿಲಿನ ವಿಷಯ ಗಂಟಲು ಹರಿಯುವಂತೆ ಒದರುತ್ತಿದ್ದ.

"ಯಾವಾಗಿಂದ?" ಎಂದಳು.

"ಏನು ಯಾವಾಗಿಂದ?"

"ಎಡಗಿವಿ. ಈ ಕಡೆ ತಂತಿ ಮುರಿದು ಐದು ವರ್ಷ ಆಗಿದೆ."

ಅತ್ತಿಗೆಯ ಮುಖ ಸುಣ್ಣವಾಯಿತು. ಬೀದಿ ನೋಡಿದಳು, ಸೆರಗು ಸರಿಮಾಡಿಕೊಂಡಳು. ಸುಳ್ಳು ಹುಡುಕುತ್ತಿದ್ದಾಳೆ ಎಂದು ಸೋಲ್ಡರಕ್ಕನಿಗೆ ತಿಳಿಯಿತು. ಗಿರಾಕಿಗಳ ಮುಖದಲ್ಲಿ ದಿನವೂ ನೋಡುವ ನೋಟ ಅದು. ಸಿಗಲಿಲ್ಲವೇನೋ.

"ಏಳನೇ ವಯಸ್ಸಿಂದ. ಕಿವಿ ಸೋರ್ತಿತ್ತು, ಬತ್ತೋಯ್ತು, ಅದರ ಜೊತೆ ಕೇಳೋದೂ ಹೋಯ್ತು."

"ನಮ್ಮನೆಗೆ ಬಂದಾಗ್ಲೂ?"

"ನೀವು ನೋಡೋಕೆ ಬಂದ ದಿನ ನಮ್ಮಮ್ಮ ನನ್ನ ಎಡಗಡೆನ ಗೋಡೆಗೆ ಅಂಟಿಸಿ ಕೂರಿಸಿದ್ದು ಯಾಕೆ ಅಂದ್ಕೊಂಡೆ? ನಾಚಿಕೆಗಾ?"

"ಅಣ್ಣಂಗೆ?"

"ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಎಡಗಿವಿ ದಿಂಬಿಗಿಟ್ಟು ಮಲಗ್ತಿದೀನಿ."

"ಥೂ!" ಎಂದಳು ಸೋಲ್ಡರಕ್ಕ. "ಒಬ್ಬರಿಗೆ, ಒಂದೇ ಒಬ್ಬರಿಗೆ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೇಳಿದ್ರೆ ನಿಮ್ಮಮ್ಮ ಕಿವುಡಿನ ಸೊಸೆ ಮಾಡ್ಕೊಳ್ತಿದ್ರಾ? ಸೌಟು ಸೊಟ್ಟಗಿದ್ರೆ ತವರಿಗೆ ವಾಪಸ್ ಕಳಿಸೋ ಜನ ನೀವು!" ಅತ್ತಿಗೆಯ ದನಿಯೂ ಏರಿತು. "ನೀನೇನು ಕಡಿಮೆನಾ? 'ಕರೆದ್ರೆ ತಿರುಗಿ ನೋಡಲ್ಲ, ಕೊಬ್ಬು' ಅಂತ ಮನೆಮನೆಗೂ ಡಂಗುರ ಹೊಡೆದೋಳು ನೀನೇ ತಾನೇ?"

ಸೋಲ್ಡರಕ್ಕನಿಗೆ ಕೂತ ಮಣೆಯನ್ನು ಯಾರೋ ಎಳೆದುಕೊಂಡಂತಾಯಿತು. ಅಂದು ಅಡುಗೆಮನೆಯಲ್ಲಿ ತಾನು ಬಾಗಿಲ ಕಡೆಯಿಂದ ಹೋಗಿ ಕೂತದ್ದು. ಅತ್ತಿಗೆಯ ಬಲಕ್ಕೆ ಒಲೆಯಿತ್ತು. ಹಾಗಾದರೆ ಬಾಯಿಟ್ಟದ್ದು ಎಡಗಿವಿಗೆ. ಈ ಹೆಂಗಸು ಮೋಸ ಮಾಡಿರಲಿಲ್ಲ, ಬಟಾಣಿ ಬಿಡಿಸುತ್ತಿದ್ದಳು, ಅಷ್ಟೇ. ಹತ್ತೊಂಬತ್ತು ವರ್ಷ ಜೋಪಾನ ಮಾಡಿದ ಸಿಟ್ಟು ಕಾರಣವಿಲ್ಲದೆ ಕೈಯಲ್ಲಿ ಉಳಿಯಿತು. ಸಿಟ್ಟು ಕಡಿಮೆಯಾಗಲಿಲ್ಲ. ಇನ್ನಷ್ಟು ಕುದಿಯಿತು.

"ಬಟಾಣಿ ಬಿಡಿಸ್ತಿದ್ದ ದಿನ ನಿಮ್ಮ ಪಕ್ಕ ಬಂದು ಕೂತಿದ್ದೆ. ನೆನಪಿದೆಯಾ?"

"ಕೂತಿದ್ದೆ. ಎದ್ದು ಹೋದೆ. ಅವತ್ತಿಂದ ಮಾತು ಬಿಟ್ಟೆ." ಅತ್ತಿಗೆ ಮೊದಲ ಸಲ ಅವಳ ಮುಖ ನೋಡಿದಳು. "ಏನಾದ್ರೂ ಹೇಳಿದ್ಯಾ?"

ಸೋಲ್ಡರಕ್ಕ ಬಲಗಡೆಯ ಎಳೆಗೂ ಸೋಲ್ಡರ್ ಇಟ್ಟು, ಎರಡೂ ಬಟ್ಟಲು ಮುಚ್ಚಿ, ಸ್ಕ್ರೂ ಬಿಗಿದಳು. ಆಮೇಲೆ ಚೀಟಿ ಎಳೆದುಕೊಂಡಳು.

"ಬರಿ, ಬರಿ," ಎಂದಳು ಅತ್ತಿಗೆ. ಈಗಲೂ ಬಗ್ಗಲಿಲ್ಲ. "ಎಡಗಡೆದು ಐದು ವರ್ಷದ ಮುರಿತ ಅಂತ ಬರಿ. ಮೇಡಂಗೆ ಅಷ್ಟೇ ಸಾಕು. ಇಷ್ಟು ವರ್ಷ ನೀನು ಕಾದಿದ್ದೂ ಇದಕ್ಕೇ ಅಲ್ವಾ?"

ಸೋಲ್ಡರಕ್ಕ ಬರೆದಳು, ಚೀಟಿಯನ್ನು ತಂತಿಗೆ ಕಟ್ಟಿ ಮುಂದೆ ಎಸೆದಳು. ಅತ್ತಿಗೆ ಓದಿದಳು. 'ಎಡ, ಬಲ ಎರಡೂ ಹೊಸ ಮುರಿತ.'

"ಯಾಕೆ?"

"ಕನಿಕರ ಅಂದ್ಕೋಬೇಡಿ. ಕೆಲಸ ಹೋದ್ರೆ ನೀವು ಮನೇಲಿ ಕೂತು ಅಣ್ಣನ ಕೈಲಿ 'ಅಯ್ಯೋ ಪಾಪ' ಅನ್ನಿಸ್ಕೋತೀರಿ. ಆ ಸುಖ ನಿಮಗೆ ನನ್ನ ಕೈಯಿಂದ ಸಿಗೋದು ಬೇಡ."

ಅತ್ತಿಗೆ ಹೆಡ್‌ಫೋನು ಚೀಲಕ್ಕೆ ಹಾಕಿದಳು. ಏಳಲಿಲ್ಲ. "ಅವತ್ತು ಏನು ಹೇಳಿದ್ದೆ?"

"ಬೇಕಾ?"

"ಕೇಳ್ತಿದೀನಲ್ಲ."

ಸೋಲ್ಡರಕ್ಕ ಬಗ್ಗಿಕೊಂಡೇ ಸಂದಿಯಿಂದ ಹೊರಬಂದು ಬೆನ್ನು ನೆಟ್ಟಗೆ ಮಾಡಿದಳು. ಅತ್ತಿಗೆಯ ಹಿಂದಿನಿಂದ ಸುತ್ತಿ ಎಡಕ್ಕೆ ಹೋದಳು. ಬಗ್ಗಿ, ಆ ಕಿವಿಗೆ ಬಾಯಿಟ್ಟು, ಬಟಾಣಿಯ ದಿನ ಹೇಳಿದ್ದನ್ನು ಒಂದು ಅಕ್ಷರ ಬಿಡದೆ, ಅಷ್ಟೇ ಮೆಲ್ಲಗೆ ಹೇಳಿದಳು.

ಉಸಿರು ತಾಗಿ ಅತ್ತಿಗೆ ಸರಕ್ಕನೆ ತಿರುಗಿದಳು. ಅಷ್ಟರಲ್ಲಿ ಮುಗಿದಿತ್ತು.

"ಏನಂದೆ? ಈ ಕಡೆ ಹೇಳು!"

"ಹೇಳಾಯ್ತು. ಅವತ್ತೊಂದ್ಸಲ, ಇವತ್ತೊಂದ್ಸಲ. ಇನ್ನು ನನ್ನ ಮೇಲೆ ತಪ್ಪಿಲ್ಲ."

"ನೀನು ಮನುಷ್ಯಳಾ?"

"ನಿಮ್ಮ ನಾದಿನಿ."

ಅತ್ತಿಗೆ ಎದ್ದು ಹೊರಟಳು. ಬಲಗಾಲು ಊರಿ, ಎಡಗಾಲು ಎಳೆದು. ತಿರುವಿನಲ್ಲಿ ಸದ್ದು ಒಮ್ಮೆ ನಿಂತಿತು. ಸೋಲ್ಡರಕ್ಕ ಒಳಗೆ ಕೂತು, ಕತ್ತರಿಸಿ ಹಾಕಿದ್ದ ಹಸಿರು ತುಂಡನ್ನು ಕಿರುಬೆರಳ ಬೆನ್ನಿನಿಂದ ಮಣೆಯ ಆಚೆ ತಳ್ಳುತ್ತ, ಸದ್ದು ಇತ್ತ ಬರುತ್ತದೋ ಎಂದು ಕಾದಳು. ಅದು ಅತ್ತಲೇ ಹೋಯಿತು. ಅವಳು ಮೂಲೆಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಎಳೆದುಕೊಂಡು ಅದರ ತಿರುಪು ಬಿಚ್ಚತೊಡಗಿದಳು.