ಫಾರಿನ್ ಅನ್ನೋ ನೆಂಟರು

ಇವತ್ತು ಆಲ್ದೂರಿನ ಅಂಗಡಿಯೊಂದರಲ್ಲಿ ‘ಸ್ವದೇಶಿಯನ್ನೇ ಕೊಳ್ಳಿ’ ಅನ್ನೋ ಬೋರ್ಡಿನ ಕೆಳಗೆ ಕಾಫಿಬೀಜ ಹುರೀತಿದ್ರು. ಆ ಘಮಕ್ಕೆ ಅಜ್ಜಿ ನೆನಪಾದ್ರು.

ನಮ್ಮ ತೋಟದ ದಪ್ಪ ಬೀಜವನ್ನೆಲ್ಲ ಆರಿಸಿ ಮೂಟೆಗೆ ತುಂಬುವಾಗ ಅಜ್ಜಿ, ‘ಮುಟ್ಬೇಡ, ಅದು ಫಾರಿನ್ನಿಗೆ’ ಅನ್ನೋರು. ಫಾರಿನ್ ಅಂದ್ರೆ ಕಾಫಿ ಚಟದ ಯಾರೋ ದೊಡ್ಡ ನೆಂಟರು ಅಂತಲೇ ನಾನು ನಂಬಿದ್ದೆ. ನಮ್ಮ ಲೋಟಕ್ಕೆ ಉಳೀತಿದ್ದದ್ದು ಒಡಕು, ಕಪ್ಪು ಬೀಜ.

ಒಂದು ಗಣರಾಜ್ಯೋತ್ಸವದ ದಿನ ಶಾಲೆಯಿಂದ ಓಡಿಬಂದು, ‘ಅಜ್ಜಿ, ಈ ದೇಶಕ್ಕೆ ನಾವೇ ಯಜಮಾನ್ರಂತೆ, ಮೇಷ್ಟ್ರು ಹೇಳಿದ್ರು’ ಅಂದೆ.

ಅಜ್ಜಿ ಮೂಟೆ ಬಿಚ್ಚಿ ಬೊಗಸೆ ತುಂಬ ದಪ್ಪ ಬೀಜ ಬಾಣಲೆಗೆ ಸುರಿದ್ರು. ‘ಹಂಗಾದ್ರೆ ಮೊದಲ್ನೇ ಲೋಟ ಯಜಮಾನ್ರಿಗೆ. ಫಾರಿನ್ ಮಿಕ್ಕಿದ್ದು ಕುಡೀಲಿ ಮಾರಾಯ!’

ಈಗಲೂ ಮನೆಗೆ ಎತ್ತಿಟ್ಟ ಮೇಲೇ ಉಳಿದ ಬೀಜ ಹಡಗು ಹತ್ತೋದು. ಅಜ್ಜಿ ದಯೆ, ದಿನಾ ಬೆಳಿಗ್ಗೆ ಒಂದು ಲೋಟದಷ್ಟಾದರೂ ನಾನು ಯಜಮಾನ.