ಚಲುವಮ್ಮ ಇಳಿಸಿದ ಹನ್ನೊಂದು ಕಿಲೋ

ತಮ್ಮನಿಗೆ ಕಿಡ್ನಿ ಕೊಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಚಲುವಮ್ಮ ಮೈಸೂರಿನ ಆಸ್ಪತ್ರೆಗೆ ಹೋಗಿದ್ದಳು. ರಕ್ತ ಹೊಂದಿತ್ತು. ಆದರೆ ಡಾಕ್ಟರು ರಿಪೋರ್ಟು ತಿರುವಿ ಹಾಕಿ ಅಡ್ಡಡ್ಡ ತಲೆಯಾಡಿಸಿದರು.

"ನಿಮ್ಮ ತೂಕ ಎಂಬತ್ತೈದು ಇದೆಯಮ್ಮ. ಶುಗರ್ ಕೂಡ ಅಂಚಿನಲ್ಲಿದೆ. ಈಗ ಒಂದು ಕಿಡ್ನಿ ತೆಗೆದರೆ ಮುಂದೆ ನೀವೇ ಡಯಾಲಿಸಿಸ್‌ಗೆ ಬರಬೇಕಾದೀತು. ಎಪ್ಪತ್ನಾಲ್ಕಕ್ಕೆ ಇಳಿಸಿಕೊಂಡು ಬನ್ನಿ."

"ಎಷ್ಟ್ ದಿನ ಟೇಮ್ ಕೊಡ್ತೀರಿ ಸಾ?"

"ಟೈಮ್ ಕೊಡೋದು ನಾನಲ್ಲ, ನಿಮ್ಮ ತಮ್ಮನ ಮೈ. ಐದು ತಿಂಗಳೊಳಗೆ ಆದರೆ ಒಳ್ಳೇದು."

ತಮ್ಮ ನಟರಾಜ್ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮೂವತ್ತಾರು ವರ್ಷ. ನಂಜನಗೂಡಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದವನಿಗೆ ಬಿ.ಪಿ. ಇರುವುದೇ ಗೊತ್ತಾಗಿರಲಿಲ್ಲ, ಗೊತ್ತಾಗುವಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ದಿನ ಡಯಾಲಿಸಿಸ್. ಹೆಂಡತಿ ಪವಿತ್ರಳ ರಕ್ತ ಹೊಂದಲಿಲ್ಲ, ಅಪ್ಪ ಅವ್ವ ಇಲ್ಲ. ಉಳಿದವಳು ಅಕ್ಕ ಒಬ್ಬಳೇ.

"ಆಗಾಕಿಲ್ಲ ಅಂದ್ರಾ?" ಎಂದು ಅವನು ಕೇಳಿದ.

"ಆಯ್ತದೆ. ಸ್ವಲ್ಪ ಸಣ್ಣ ಆಗ್ಬೇಕಂತೆ," ಎಂದಳು ಚಲುವಮ್ಮ. ಸ್ವಲ್ಪ ಎಷ್ಟೆಂದು ಹೇಳಲಿಲ್ಲ.

ಅವಳಿಗೆ ನಲವತ್ಮೂರು. ಮೂಗೂರಿನ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಪುಟ್ಟರಾಜು ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಕಿಡ್ನಿ ಕೊಡುವ ಮಾತು ಬಂದಾಗಿನಿಂದ ಅವನು ಮುಖ ಗಂಟಿಕ್ಕಿಕೊಂಡೇ ಇದ್ದ. ಆಸ್ಪತ್ರೆಯವರು ಕೊಟ್ಟ ಊಟದ ಚೀಟಿಯಲ್ಲಿ ಓಟ್ಸ್, ಸೇಬು, ಬಾದಾಮಿ, ಆಲಿವ್ ಎಣ್ಣೆ ಎಂದೆಲ್ಲ ಬರೆದಿತ್ತು. ತಿ. ನರಸೀಪುರದಲ್ಲಿ ಬಸ್ಸು ಇಳಿದು ಜಿಮ್ಮೊಂದರ ಮೆಟ್ಟಿಲು ಹತ್ತಿ ವಿಚಾರಿಸಿದವಳು, ಫೀಸು ಕೇಳಿ ಮಾತಾಡದೆ ಇಳಿದು ಬಂದಳು.

ಮಾರನೆಯ ದಿನ ಚೀಟಿ ಹಿಡಿದು ಅಂಗನವಾಡಿ ಟೀಚರ್ ಗೌತಮಿಯ ಹತ್ತಿರ ಹೋದಳು. ಬಸುರಿಯರನ್ನು ತೂಗುವ ಯಂತ್ರ ಅಲ್ಲಿತ್ತು. ಗೌತಮಿ ಚೀಟಿ ಓದಿ, ಪೆನ್ನಿನಿಂದ ಒಂದೊಂದನ್ನೇ ಹೊಡೆದು ಹಾಕಿದಳು.

"ಇದ್ಯಾವ್ದೂ ಬ್ಯಾಡ ಅಕ್ಕ. ರಾಗಿ, ಹುರುಳಿಕಾಳು, ಸೊಪ್ಪು ನಿಮ್ಮನೇಲೇ ಅವೆ. ಈಗ ನಿಜ ಹೇಳಿ, ಶಾಲೇಲಿ ಏನ್ ತಿಂತೀರಿ?"

ಚಲುವಮ್ಮ ಯೋಚಿಸಿದಳು. ರುಚಿ ನೋಡುವ ನೆಪದಲ್ಲಿ ಒಂದು ತಟ್ಟೆ. ಮಕ್ಕಳು ಉಂಡ ಮೇಲೆ ಒಂದು ಊಟ. ತಳದಲ್ಲಿ ಉಳಿದದ್ದು ದಂಡವಾಗುತ್ತದಲ್ಲ ಎಂದು ಇನ್ನೊಂದಿಷ್ಟು. ನಡುವೆ ಸಕ್ಕರೆ ಹಾಕಿದ ಟೀ ನಾಲ್ಕು ಲೋಟ.

"ಅದೇ ಕಣಕ್ಕ. ಉಳ್ದಿದ್ದು ದಂಡ ಆಗ್ಲಿ. ನಿಮ್ಮೊಟ್ಟೆ ಏನ್ ತಿಪ್ಪೇನಾ?"

ಚಲುವಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅಂದಿನಿಂದ ಉಳಿದ ಅನ್ನ ಚನ್ನಾಜಮ್ಮನ ಹಸುವಿಗೆ ಹೋಯಿತು. ಚನ್ನಾಜಮ್ಮ ಅವಳ ಜೊತೆಯ ಅಡುಗೆಯವಳು. ಬೆಳಕು ಹರಿಯುತ್ತಲೇ ಚಲುವಮ್ಮ ನಾಲೆ ಏರಿಯ ಮೇಲೆ ನಡೆಯತೊಡಗಿದಳು. ಮೊದಲ ದಿನ ಎರಡನೇ ತೂಬಿನ ಹತ್ತಿರ ಉಸಿರು ಕಟ್ಟಿ ಕೂತಳು. ಗದ್ದೆಗೆ ಹೊರಟ ಹೆಂಗಸರು ಕೇಳುತ್ತಿದ್ದರು:

"ಎಲ್ಗವ್ವ ಓಯ್ತಿದ್ದೀಯೆ? ಯಾರ್ನಾರಾ ಉಡುಕ್ತಿದ್ದೀಯಾ?"

ಮೊದಲ ತಿಂಗಳು ನಾಲ್ಕು ಕಿಲೋ ಇಳಿಯಿತು. ಎರಡನೆಯ ತಿಂಗಳು ಎರಡು. ಆಮೇಲೆ ಎಪ್ಪತ್ತೊಂಬತ್ತರಲ್ಲಿ ಅಂಗನವಾಡಿಯ ಯಂತ್ರದ ಮುಳ್ಳು ನಿಂತುಬಿಟ್ಟಿತು. ಒಂದು ವಾರ, ಎರಡು ವಾರ, ಮೂರು ವಾರ. ಅವಳು ಯಂತ್ರದಿಂದಿಳಿದು, ಚಪ್ಪಲಿ ಆಚೆ ಬಿಟ್ಟು, ಬಳೆ ತೆಗೆದಿಟ್ಟು ಮತ್ತೆ ಹತ್ತುವಳು. ಮುಳ್ಳು ಅಲುಗುತ್ತಿರಲಿಲ್ಲ.

ಆ ವಾರವೇ ಪವಿತ್ರಳ ಫೋನು ಬಂತು. "ಅತ್ಗೆ, ಇವ್ರಿಗೆ ಉಸ್ರಾಡಕ್ಕಾಯ್ತಿಲ್ಲ. ಎದೇಲಿ ನೀರು ತುಂಬ್ಕೊಂಡದಂತೆ. ಆಸ್ಪತ್ರೆಗೆ ಸೇರ್ಸಿದ್ದೀವಿ."

ಚಲುವಮ್ಮ ನಂಜನಗೂಡಿಗೆ ಓಡಿದಳು. ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ಕೂತಿದ್ದ ನಟರಾಜ್‌ಗೆ ಮಲಗಲೂ ಆಗುತ್ತಿರಲಿಲ್ಲ, ಮಲಗಿದರೆ ಮುಳುಗಿದಂತಾಗುತ್ತಿತ್ತು. ಅಕ್ಕನ ಇಳಿದ ಮುಖ ನೋಡಿ, ಮಾತಿಗೊಮ್ಮೆ ಉಸಿರೆಳೆದುಕೊಂಡು, "ಬ್ಯಾಡ ಬುಡಕ್ಕ. ನೀನೂ ಆಳಾಗ್ಬ್ಯಾಡ," ಎಂದ.

ವಾಪಸು ಬಂದವಳು ಊಟವನ್ನೇ ಬಿಟ್ಟಳು. ಬೆಳಿಗ್ಗೆ ಮಜ್ಜಿಗೆ, ರಾತ್ರಿ ಮಜ್ಜಿಗೆ. ನಡಿಗೆ ಎರಡು ಹೊತ್ತು. ನಾಲ್ಕನೆಯ ದಿನ ಶಾಲೆಯಲ್ಲಿ ಕುದಿಯುವ ಸಾಂಬಾರಿನ ಪಾತ್ರೆಯನ್ನು ಚನ್ನಾಜಮ್ಮನ ಜೊತೆ ಇಳಿಸಲು ಬಗ್ಗಿದವಳಿಗೆ ಕಣ್ಣು ಕತ್ತಲಿಟ್ಟಿತು. ಕೈ ಜಾರಿತು. ಚನ್ನಾಜಮ್ಮ ಕಿರುಚಿ ಪಾತ್ರೆಯನ್ನು ಗೋಡೆಯ ಕಡೆ ತಳ್ಳಿದ್ದರಿಂದ ಸಾಂಬಾರು ನೆಲಕ್ಕೆ ಹೋಯಿತು, ಚಲುವಮ್ಮನ ಪಾದದ ಮೇಲಷ್ಟೇ ಸ್ವಲ್ಪ ಸಿಡಿಯಿತು. ತಟ್ಟೆ ಹಿಡಿದ ಮಕ್ಕಳು ಬಾಗಿಲಲ್ಲೇ ನಿಂತಿದ್ದರು. ಸಾಂಬಾರು ಅವರ ಕಡೆಗೂ ಚೆಲ್ಲಬಹುದಿತ್ತು.

ಸುದ್ದಿ ತಿಳಿದು ಪುಟ್ಟರಾಜು ಕೆಲಸ ಬಿಟ್ಟು ಬಂದ.

"ಸಾಕು ಇದು. ನಾನು ಸೈನ್ ಆಕಾಕಿಲ್ಲ. ಗಂಡ ಒಪ್ದೆ ಅವ್ರು ಆಪ್ರೇಸನ್ ಮಾಡಾಕಿಲ್ಲ, ನಂಗೊತ್ತು."

"ಅವ್ನು ಸತ್ರೆ?"

"ನೀನು ಸತ್ರೆ?" ಎಂದ ಪುಟ್ಟರಾಜು. ಇಷ್ಟು ದಿನ ಅವನು ಸಿಟ್ಟಿನಲ್ಲಿದ್ದಾನೆಂದೇ ಚಲುವಮ್ಮ ತಿಳಿದಿದ್ದಳು, ಅವನಿಗಿದ್ದದ್ದು ಭಯ.

ಸಂಜೆ ಗೌತಮಿ ಮನೆಗೇ ಬಂದು ಇಬ್ಬರನ್ನೂ ಕೂರಿಸಿಕೊಂಡಳು. "ಉಪ್ವಾಸ ಬಿದ್ರೆ ರಕ್ತ ಕಮ್ಮಿಯಾಯ್ತದೆ. ರಕ್ತ ಕಮ್ಮಿ ಇರೋರ್‌ದು ಕಿಡ್ನಿ ತಗೊಳ್ತಾರಾ ಅಕ್ಕ? ಮೂರೊತ್ತೂ ತಿನ್ನಿ. ಮುದ್ದೆ ಅರ್ಧ ಮಾಡಿ, ಕಾಳು ಜಾಸ್ತಿ ಮಾಡಿ, ಮೊಟ್ಟೆ ತಿನ್ನಿ. ಬರೀ ನಡುದ್ರೆ ಸಾಲ್ದು, ಮೈ ಗಟ್ಟಿಯಾಗ್ಬೇಕು. ನೀರಿನ ಕ್ಯಾನು ಇಡ್ಕಂಡು ಶಾಲೆ ಮೆಟ್ಲು ಅತ್ತಿ ಇಳೀರಿ."

ಮರುದಿನ ಬೆಳಿಗ್ಗೆ ಪುಟ್ಟರಾಜು ಟವೆಲ್ಲು ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ನಾಲೆಯ ಕಡೆಗೆ ಹೊರಟ. ಹತ್ತು ಹೆಜ್ಜೆ ಹಿಂದೆಯೇ ನಡೆದ. "ನೀನ್ ಬಿದ್ರೆ ಎತ್ತಕ್ಕೆ ಒಬ್ರಾದ್ರೂ ಇರ್ಲಿ," ಎಂದಷ್ಟೇ ಅಂದ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಮುಳ್ಳು ಕದಲಿತು. ನಟರಾಜ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದ, ಆದರೆ ಡಯಾಲಿಸಿಸ್ ವಾರಕ್ಕೆ ಮೂರಾಗಿತ್ತು. ಫೋನು ಬಡಿದಾಗಲೆಲ್ಲ ಚಲುವಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಐದು ತಿಂಗಳು ಮುಗಿದ ದಿನ ಎಪ್ಪತ್ತಾರು. ಆರನೆಯ ತಿಂಗಳ ಕೊನೆಗೆ ಆಸ್ಪತ್ರೆಯ ಯಂತ್ರ ಎಪ್ಪತ್ನಾಲ್ಕು ತೋರಿಸಿತು. ಶುಗರ್ ಇಳಿದಿತ್ತು, ರಕ್ತ ಸರಿಯಿತ್ತು.

ಕಿಡ್ನಿ ದಾನಕ್ಕೆ ಅನುಮತಿ ಕೊಡುವ ಆಸ್ಪತ್ರೆಯ ಸಮಿತಿಯವರು ಅವಳೊಬ್ಬಳನ್ನೇ ಕೂರಿಸಿಕೊಂಡು, ಯಾರಾದರೂ ಬಲವಂತ ಮಾಡಿದ್ದಾರಾ ಎಂದು ವಿಚಾರಿಸಿದರು. "ಬ್ಯಾಡ ಅಂದೋರೇ ಎಲ್ಲಾ ಸಾ," ಎಂದಳು. ಆಮೇಲೆ ಪುಟ್ಟರಾಜುವನ್ನು ಕರೆದರು. ಅವನು ಪೆನ್ನು ಹಿಡಿದು ಬಹಳ ಹೊತ್ತು ಕಾಗದವನ್ನೇ ನೋಡಿದ. ಚಲುವಮ್ಮ ಬಾಗಿಲ ಹೊರಗಿನಿಂದ ಅವನ ಕೈಯನ್ನೇ ನೋಡುತ್ತಿದ್ದಳು. ಸಹಿ ಹಾಕಿದ.

ಆಪರೇಷನ್ ಮುಗಿದು ಕಣ್ಣು ಬಿಟ್ಟಾಗ ಅವಳ ಪಕ್ಕೆಯಲ್ಲಿ ಬೆಂಕಿಯಿಟ್ಟಂಥ ನೋವು. ಕೇಳುವ ಮೊದಲೇ ಪುಟ್ಟರಾಜು ಹೇಳಿದ: "ನಿನ್ ತಮ್ಮ ಉಚ್ಚೆ ಓಯ್ತಾ ಅವ್ನಂತೆ ಕಣೆ. ಚೀಲ ತುಂಬ್ತಾ ಅದಂತೆ." ಹೇಳಿ, ಮುಖ ತಿರುಗಿಸಿ ಟವೆಲ್ಲಿನಿಂದ ಒರೆಸಿಕೊಂಡ.

ಅವಳು ಮತ್ತೆ ಶಾಲೆಗೆ ಬರಲು ಮೂರು ತಿಂಗಳು ಹಿಡಿಯಿತು. ಭಾರ ಎತ್ತಬಾರದೆಂದು ಹೇಳಿದ್ದರಿಂದ ತರಕಾರಿ ಹೆಚ್ಚುವುದು, ಬಡಿಸುವುದಷ್ಟೇ ಅವಳ ಪಾಲಿಗೆ ಬಂತು. ನಟರಾಜ್ ದಿನಕ್ಕೆ ಹಿಡಿ ಮಾತ್ರೆ ನುಂಗುತ್ತಾ, ಮೊನ್ನೆ ಮೊದಲ ಬಾರಿಗೆ ಆಟೋದಲ್ಲಿ ಬಾಳೆಗೊನೆ ಹೇರಿಕೊಂಡು ಮಂಡಿಗೆ ಹೋಗಿ ಬಂದ.